ತಣ್ಣೀರಿನ ಕಲ್ಲು

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಕ್ಲೈಡ್. ಹೆಂಡತಿ ಡೆಲ್ಲಾ ಮಾರ್ಚಿನಲ್ಲಿ ನಾಯಿ ಟಿಲ್ಲಿಯನ್ನೂ ಕರೆದುಕೊಂಡು ಅಕ್ಕನ ಮನೆ ಸೇರಿದಾಗಲೂ ತನ್ನ ತಪ್ಪೇನೆಂದು ಅವನಿಗೆ ಹೊಳೆಯಲಿಲ್ಲ. ಸೆಪ್ಟೆಂಬರಿನಲ್ಲಿ ಅವಳೇ ಸ್ವಲ್ಪ ಮೆತ್ತಗಾದಳು.

“ಟಿಲ್ಲೀನ ಎರಡು ದಿನ ಕರ್ಕೊಂಡು ಹೋಗು. ಭಾನುವಾರ ನೆಟ್ಟಗೆ ತಂದು ಬಿಡು. ಆಮೇಲೆ ನಾನು ಮನೆಗೆ ಬರೋ ವಿಷಯ ಕೂತು ಮಾತಾಡೋಣ.”

ಎಲ್ಲಿಗೆ ಹೋಗುವುದೆಂದು ಅವನು ಯೋಚಿಸಬೇಕಾಗಿರಲಿಲ್ಲ. ಅಮೆರಿಕದ ಐಡಹೋ ರಾಜ್ಯದ ಕಾಡಿನಲ್ಲಿ ರಸ್ತೆ ಮುಗಿದ ಮೇಲೆ ಆರು ಮೈಲಿ ನಡೆದರೆ, ಹೊಳೆಯ ದಂಡೆಯಲ್ಲಿ ಅವರದೊಂದು ಬಿಸಿನೀರಿನ ಬುಗ್ಗೆ. ಆ ಕಡೆಯ ಜನ ಮನೆಯ ಬೀಗದ ಕೈ ಬೇಕಾದರೂ ಕೊಟ್ಟಾರು, ತಮ್ಮ ಬುಗ್ಗೆಯ ದಾರಿ ಹೇಳಲಾರರು. ಹದಿನಾಲ್ಕು ವರ್ಷದಿಂದ ಗಂಡ ಹೆಂಡತಿಯೂ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಅರ್ಧ ದಾರಿಯಲ್ಲಿ ದೊಡ್ಡದೊಂದು ಪೈನ್ ಮರದ ಕೆಳಗೆ ಟಿಲ್ಲಿ ತಾನಾಗಿ ಕೂತುಬಿಟ್ಟಿತು. ಬಾಲ ಆಡಿಸುತ್ತ ಅವನ ಜೇಬನ್ನೇ ನೋಡಿತು. ಕ್ಲೈಡ್ ಆ ದಾರಿಯಲ್ಲಿ ಎಂದೂ ನಿಂತವನಲ್ಲ. ಮಂಡಿನೋವಿನ ಡೆಲ್ಲಾ ಎಷ್ಟು ಬೇಡಿದರೂ ನಿಂತವನಲ್ಲ.

“ಇಲ್ಲಿ ಕೂರಿಸಿ ತಿಂಡಿ ಕೊಟ್ಟೋರು ಯಾರೇ ನಿಂಗೆ?” ಎಂದ. ಆರು ತಿಂಗಳಿಂದ ಅದು ಡೆಲ್ಲಾಳ ಜೊತೆಗೇ ಇತ್ತು.

ಬುಗ್ಗೆ ಕಂಡದ್ದೇ ತಡ, ನಾಯಿ ಓಡಿಹೋಗಿ ಬುಗ್ಗೆಯ ನೀರು ತುಂಬಿದ ಗುಂಡಿಗೆ ಧುಮುಕಿತು. ಸ್ನಾನ ಮುಗಿಸಿ ಏಳುವವರು ಹೊಳೆಯ ಕಡೆಯ ಕಲ್ಲು ಸರಿಸಿ, ತಣ್ಣೀರು ಒಳಗೆ ಬಿಟ್ಟು ಏಳುವುದು ಅಲ್ಲಿಯ ರೂಢಿ. ಹಾಗಾಗಿ ನೀರು ಉಗುರುಬೆಚ್ಚಗಿತ್ತು. ಕ್ಲೈಡ್ ಮಾತ್ರ ಬಂದ ಕೂಡಲೇ ಕಲ್ಲು ಮುಚ್ಚುವವನು. ಮೈ ಕೆಂಪಾಗುವಷ್ಟು ಸುಡದಿದ್ದರೆ ಅವನಿಗೆ ಅದು ಸ್ನಾನವೇ ಅಲ್ಲ. ಆ ಸುಡುನೀರಿಗೆ ಟಿಲ್ಲಿ ಇದುವರೆಗೆ ಮೂಗೂ ತಾಗಿಸಿರಲಿಲ್ಲ. ಈಗ ಬಾತುಕೋಳಿಯ ಹಾಗೆ ತೇಲುತ್ತಿದೆ!

“ಯಾವನನ್ನೋ ಕರ್ಕೊಂಡು ಬಂದಿದ್ದಾಳೆ ಇಲ್ಲಿಗೆ,” ಎಂದು ನಾಯಿಗೇ ಹೇಳಿದ. “ಎಳೇ ಕೂಸು ಪಾಪ, ಬೆಚ್ಚಗಿನ ನೀರೇ ಆಗಬೇಕೇನೋ ಅವನಿಗೆ!”

ಟಿಲ್ಲಿಯನ್ನು ಹೊರಗೆಳೆದ. ಹೊಟ್ಟೆಕಿಚ್ಚಿನಲ್ಲಿ ಕಲ್ಲನ್ನು ಒದ್ದು ಮುಚ್ಚಿದ. ನೀರು ಕಾಯಲು ಅರ್ಧ ಗಂಟೆ ಬೇಕು. ಅದರ ಎರಡರಷ್ಟು ಹೊತ್ತು ಗುಂಡಿಗೆ ಬೆನ್ನು ಹಾಕಿ ಕೂತು, ಹೆಂಡತಿಯ ಮುಖಕ್ಕೆ ಹೇಳಬೇಕಾದ ಮಾತುಗಳನ್ನು ಮಸೆದ. ಚೂಪಾದವೇ ಸಿಕ್ಕವು.

ಹಿಂದೆ ಧುಮುಕಿದ ಸದ್ದಾಯಿತು. ಆಮೇಲೆ ಬಂದ ಕೂಗು ನಾಯಿಯದೆಂದು ಅವನಿಗೆ ತಕ್ಷಣ ಗೊತ್ತಾಗಲಿಲ್ಲ.

ಹೊಳೆಯ ತಣ್ಣೀರಿನಲ್ಲಿ ಅದನ್ನು ತಬ್ಬಿ ಕೂತು ಅತ್ತ. ಗುಡಾರ, ಬುತ್ತಿ ಎಲ್ಲ ಅಲ್ಲೇ ಎಸೆದು, ನಾಯಿಯನ್ನು ಹೆಗಲಿಗೆ ಹೊತ್ತು ಆರು ಮೈಲಿ ನಡೆದ. ಪೈನ್ ಮರದ ಕೆಳಗೆ ಮೊದಲ ಸಲ ನಿಂತ.

ಭಾನುವಾರ ಡೆಲ್ಲಾ ಬಾಗಿಲು ತೆರೆದು, ಟಿಲ್ಲಿಯ ನಾಲ್ಕೂ ಕಾಲಿಗೆ, ಹೊಟ್ಟೆಗೆ ಸುತ್ತಿದ ಬ್ಯಾಂಡೇಜು ನೋಡಿದಳು.

“ಕಲ್ಲು ಮುಚ್ಚಿದ್ಯಾ?”

“ಹೂಂ. ಬದುಕ್ಕೊಳ್ಳತ್ತೆ ಅಂದ್ರು ಡಾಕ್ಟರು.” ಮಸೆದಿಟ್ಟ ಮಾತುಗಳಲ್ಲಿ ಒಂದನ್ನು ಮಾತ್ರ ಅವನಿಗೆ ನುಂಗಿಕೊಳ್ಳಲಾಗಲಿಲ್ಲ. “ಯಾರ ಜೊತೆ ಹೋಗಿದ್ದೆ ಅಲ್ಲಿಗೆ?”

“ಯಾರ ಜೊತೆ ಹೋಗ್ಲಿ? ನಾನು, ಇವಳು. ಮರದ ಕೆಳಗೆ ಕೂತು ಚೀಸ್ ತಿಂದ್ವಿ. ಕಲ್ಲು ಮುಚ್ಚದೆ ನೀರಲ್ಲಿ ಕೂತ್ವಿ.” ನಾಯಿಯನ್ನು ಮೆಲ್ಲಗೆ ತನ್ನ ತೋಳಿಗೆ ತೆಗೆದುಕೊಂಡಳು. “ಹದಿನಾಲ್ಕು ವರ್ಷ ಆ ಸುಡೋ ನೀರಲ್ಲಿ ನಿನ್ನ ಪಕ್ಕ ಕೂತಿದ್ದೆ, ಕ್ಲೈಡ್. ಇವಳು ಕೂಗಿದ್ಳು. ನಾನು ಕೂಗ್ಲಿಲ್ಲ.”

“ಕೂತು ಮಾತಾಡೋಣ ಅಂದಿದ್ದೆಯಲ್ಲ...”

“ಮಾತಾಡಿದ್ವಲ್ಲ,” ಎಂದು ಡೆಲ್ಲಾ ಕಾಲಿನಿಂದಲೇ ಬಾಗಿಲು ದೂಡಿ ಮುಚ್ಚಿದಳು.