ಸಾಹೇಬರು ರೌಂಡ್ಸ್‌ನಲ್ಲಿದ್ದಾರೆ

ನಮ್ಮ ಸರಕಾರಿ ದವಾಖಾನೆ ಯಾವ ಊರಿನದೆಂದು ಹೇಳುವುದಿಲ್ಲ. ನಾನಿನ್ನೂ ಅಲ್ಲೇ ನರ್ಸ್. ಡಾಕ್ಟರ್ ಕಲ್ಯಾಣಕುಮಾರ ಅಲ್ಲಿಯ ಮುಖ್ಯಸ್ಥನಾಗಿದ್ದ. ಡ್ಯೂಟಿ ಹೊತ್ತಿನಲ್ಲಿ ಆ ಮಹಾಶಯ ಇರುತ್ತಿದ್ದದ್ದು ಹತ್ತಿರದ ಆಳಂದದ ತನ್ನ ಸ್ವಂತ ಕ್ಲಿನಿಕ್‌ನಲ್ಲಿ. ಮೇಲಿನವರು ಯಾರಾದರೂ ಬಂದರೆ "ಸಾಹೇಬ್ರು ರೌಂಡ್ಸ್‌ನಾಗ ಅದಾರ್ರಿ" ಎಂದು ಹೇಳಿ, ನಾವು ಒಳಗೆ ಹೋಗಿ ಅವನಿಗೆ ಫೋನ್ ಮಾಡಬೇಕು. ಅವನು ಕೊರಳಿಗೆ ಸ್ಟೆತಾಸ್ಕೋಪ್ ಹಾಕಿಕೊಂಡು ಹಿಂಬಾಗಿಲಿಂದ ಬರುತ್ತಿದ್ದ. ಸೂಜಿ ಚುಚ್ಚುವುದರ ಜೊತೆಗೆ ಅವನ ಮಾನ ಕಾಯುವುದೂ ನಮ್ಮ ಕೆಲಸವಾಗಿತ್ತು.

ಅದಕ್ಕೆ ಅವನು ಕೊಟ್ಟ ಮರ್ಯಾದೆ ನೋಡಿ. ಕೂತರೆ ಸೋಮಾರಿಗಳಾಗುತ್ತೀರಿ ಎಂದು ನರ್ಸ್‌ಗಳ ಕುರ್ಚಿಗಳನ್ನೆಲ್ಲ ಕೋಣೆಯಲ್ಲಿ ಹಾಕಿ ಬೀಗ ಜಡಿಸಿದ. ತುಂಬಿದ ಬಸುರಿಯಾಗಿದ್ದ ನರ್ಸ್ ಬದರುನ್ನಿಸಾ ಹೊಟ್ಟೆ ನೋಯುತ್ತಿದೆ, ಮನೆಗೆ ಬಿಡಿ ಎಂದಾಗ ರೋಗಿಗಳೆದುರೇ, "ನಾಟಕ ಸಾಕು, ನಿಂತು ಕೆಲಸಾ ಮಾಡು" ಎಂದು ಗದರಿಸಿದ. ಅವಳು ವಾರ್ಡಿನಲ್ಲೇ ಕುಸಿದಳು. ಕೂಸು ಉಳಿಯಲಿಲ್ಲ. ಅವತ್ತು ನನ್ನ ಹೊಟ್ಟೆಗೆ ಬಿದ್ದ ಬೆಂಕಿ ಆರಲಿ ಎಂದು ನಾನು ಬಯಸಲೂ ಇಲ್ಲ.

ಆಮೇಲೆ ನಮ್ಮ ಜೊತೆಯ ನರ್ಸ್ ಸೀಮಾ ಬಸುರಿಯಾದಳು. ಅವಳೂ ದಿನವಿಡೀ ನಿಂತೇ ಇರುತ್ತಿದ್ದಳು. ಈ ಮನುಷ್ಯ ತೊಲಗದ ಹೊರತು ಅವಳ ಕೂಸಿಗೂ ಉಳಿಗಾಲವಿಲ್ಲ ಎಂದು ಎಲ್ಲ ನರ್ಸ್‌ಗಳನ್ನೂ ಔಷಧಿ ಕೋಣೆಗೆ ಕರೆದೆ.

"ಇನ್ನ ಮ್ಯಾಲ ಅವ್ನ ಸಲುವಾಗಿ ಯಾರೂ ಸುಳ್ಳ ಹೇಳಬ್ಯಾಡ್ರಿ."

"ಸುಮಂಗಲಕ್ಕಾ, ನಮ್ಮನ್ನ ಎತ್ತಂಗಡಿ ಮಾಡಸ್ತಾನ," ಎಂದಳು ಸೀಮಾ.

"ಮಾಡಸ್ಲಿ ಬೇ. ನಿನಗ ಕೂಸು ಬೇಕೋ, ಈ ಊರು ಬೇಕೋ?"

ಸ್ವಲ್ಪ ದಿನಕ್ಕೆ ಜಿಲ್ಲಾ ಆರೋಗ್ಯ ಅಧಿಕಾರಿ ಹೇಳದೆ ಕೇಳದೆ ಬಂದರು. ಡಾಕ್ಟರ್ ಎಲ್ಲಿ ಎಂದು ಕೇಳಿದರು.

"ಆಳಂದದಾಗ ತಮ್ಮ ಕ್ಲಿನಿಕ್‌ನಾಗ ಅದಾರ್ರಿ. ದಿನಾ ಅಲ್ಲೇ ಇರ್ತಾರ್ರಿ," ಎಂದೆ.

ಅಧಿಕಾರಿ ಉಳಿದವರ ಮುಖ ನೋಡಿದರು. "ಹೌದ್ರಿ," ಎಂದಳು ಸೀಮಾ. ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಬದರುನ್ನಿಸಾಳ ಸಂಗತಿಯೂ ಹೊರಬಿತ್ತು. ಈ ಸಲ ನಾವ್ಯಾರೂ ಫೋನ್ ಮಾಡಲಿಲ್ಲ, ಅಧಿಕಾರಿಯೇ ಮಾಡಿದರು. ಅವರು ವಾರ್ಡಿನ ನಡುವೆ ನಿಂತಿದ್ದಾರೆಂದು ಗೊತ್ತಿಲ್ಲದ ಆ ಭೂಪ, "ರೌಂಡ್ಸ್‌ನಾಗ ಅದೀನ್ರಿ ಸರ್" ಎಂದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಮಾನತಾದ ಮೇಲೆ ಅವನು ತನ್ನ ಸಾಮಾನು ಒಯ್ಯಲು ಬಂದ. ನಾನು ಬೇಕೆಂದೇ ಬಾಗಿಲಲ್ಲಿ ನಿಂತೆ. ಅವನು ಬೇಡುವುದನ್ನು ಕಣ್ಣಾರೆ ನೋಡಬೇಕಿತ್ತು ನನಗೆ.

"ಸಿಸ್ಟರ್, ತನಿಖಿಯವ್ರ ಮುಂದ ಸ್ವಲ್ಪ ನೋಡಿ ಹೇಳ್ರಿ," ಎಂದ ತಲೆ ತಗ್ಗಿಸಿ. "ನನಗೂ ಮಕ್ಕಳು ಅದಾವ."

"ಬದರುನ್ನಿಸಾಗೂ ಒಂದು ಇರ್ತಿತ್ರಿ," ಎಂದೆ.

ತನಿಖೆಯವರು ಬಂದಾಗ ಒಂದು ಮಾತನ್ನೂ ಬಿಡದೆ ಹೇಳಿದೆ.