ಊಟದ ಮೇಜಿನ ಮೇಲಿನ ತಂಬಿಗೆ

ಹುಟ್ಟಿನಿಂದಲೇ ಹೇಳಲೇ, ಇಲ್ಲ ನಡುವಿನ ಹನ್ನೆರಡು ವರ್ಷ ಬಿಟ್ಟು ನೇರ ಡೆನ್ಮಾರ್ಕಿಗೆ ಬಂದುಬಿಡಲೇ? ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇಷ್ಟು ವರ್ಷ ನಡೆದದ್ದು ಅದೇ ತಾನೆ? ಬೇಡ, ಎಲ್ಲವನ್ನೂ ಹೇಳಿಬಿಡುತ್ತೇನೆ.

ನಾನು ಒಂದು ಸ್ಟೀಲ್ ತಂಬಿಗೆ. ದುಂಡು ತಗಡಾಗಿದ್ದ ನನಗೆ ಕಾರ್ಖಾನೆಯ ಒಂದು ಯಂತ್ರ ಹೊಟ್ಟೆ ಕೊಟ್ಟಿತು, ಇನ್ನೊಂದು ಕುತ್ತಿಗೆ ಕೊಟ್ಟಿತು. ಗದಗಿನ ಪಾತ್ರೆ ಅಂಗಡಿಯಲ್ಲಿ ನೀಲಗಂಗವ್ವನ ಸೋದರತ್ತೆ ನನ್ನನ್ನು ಅವಳ ಮದುವೆಯ ಉಡುಗೊರೆಗೆಂದು ಕೊಂಡಳು. ಅಂಗಡಿಯವನು ಗುಂಯ್‌ಗುಡುವ ಸೂಜಿಯಿಂದ ನನ್ನ ಮೇಲೆ ಚುಕ್ಕಿಚುಕ್ಕಿಯಾಗಿ ಅವಳ ಹೆಸರು ಬರೆದ. ಬಹಳ ವರ್ಷ ನಾನು ಅಡುಗೆಮನೆಯಲ್ಲಿದ್ದೆ. ಬಂದವರಿಗೆ ಮೊದಲು ನೀರು ಕೊಡುತ್ತಿದ್ದುದು ನನ್ನಿಂದಲೇ.

ಒಂದು ದಿನ ಕಟ್ಟೆಯಿಂದ ಬಿದ್ದು ಹೊಟ್ಟೆ ನೆಗ್ಗಿತು. ನನ್ನನ್ನು ಹಿತ್ತಲಿನ ಪಾಯಖಾನೆಗೆ ಕಳಿಸಿದರು. ಆ ಮನೆಯಲ್ಲಿ ಅಲ್ಲಿಗೆ ಹೋದ ಪಾತ್ರೆ ಮತ್ತೆ ಒಳಗೆ ಬರುವಂತಿರಲಿಲ್ಲ. ಒಮ್ಮೆ ಸೊಸೆ ಸುಮಿತ್ರಾ ಮರೆತು ನನ್ನನ್ನು ಕುಡಿಯುವ ನೀರಿನ ಕೊಡದ ಪಕ್ಕ ಇಟ್ಟಳು.

"ಏನವಾ, ಕಣ್ಣ ಎಲ್ಲಿಟ್ಟಿ? ಪಾಯಖಾನಿ ತಂಬಿಗಿ ಒಳಗ ತಂದೀಯಲ್ಲ!" ಎಂದು ನೀಲಗಂಗವ್ವ ತುಂಬಿದ ಕೊಡವನ್ನೇ ಅಂಗಳಕ್ಕೆ ಸುರಿದಳು. ನಾನು ಕೊಡವನ್ನು ಮುಟ್ಟಿರಲೂ ಇಲ್ಲ. ನನ್ನಿಂದ ಒಂದು ಕೊಡ ನೀರು ಹಾಳಾಯಿತಲ್ಲ ಎಂದು ಕುಗ್ಗಿಹೋದೆ.

ಹೀಗೆ ಹನ್ನೆರಡು ವರ್ಷ ಕಳೆದವು. ಮೊಮ್ಮಗ ವಿರೂಪಾಕ್ಷ ಹತ್ತನೇ ತರಗತಿ ಮುಗಿಸಿ, ವಿನಿಮಯ ವಿದ್ಯಾರ್ಥಿಯಾಗಿ ಒಂದು ವರ್ಷಕ್ಕೆ ಡೆನ್ಮಾರ್ಕಿಗೆ ಹೊರಟ. ಸುಮಿತ್ರಾ ನನ್ನನ್ನು ಉಜ್ಜಿ ತೊಳೆದು ಅವನ ಸೂಟ್‌ಕೇಸಿನಲ್ಲಿ ತುರುಕಿದಳು.

"ಮಮ್ಮಿ, ಇದು ಬ್ಯಾಡ. ಯಾರರೆ ನೋಡಿದ್ರ?"

"ಅಲ್ಲಿ ಬರೇ ಕಾಗದ ಇರ್ತಾವಂತ. ಯಾರ ನೋಡ್ತಾರ? ಬಾಗಲಾ ಹಾಕ್ಕೊಂಡ ಹೋಗ್ತಿ, ಹೌದಿಲ್ಲೋ?"

ಅಲ್ಲಿ ಅವನು ಇಳಿದುಕೊಂಡದ್ದು ಕಿರ್ಸ್ಟೆನ್ ಎಂಬಾಕೆಯ ಮನೆಯಲ್ಲಿ. ಅವಳ ಮಗ ಮಾಲ್ಟೆ ಅವನದೇ ತರಗತಿ. ವಿರೂಪಾಕ್ಷ ನನ್ನನ್ನು, ಪಾಯಖಾನೆಯೂ ಅದರೊಳಗೇ ಇದ್ದ ಬಚ್ಚಲಿನಲ್ಲಿ, ಸೋಪಿನ ಪುಡಿಯ ಡಬ್ಬದ ಹಿಂದೆ ಬಚ್ಚಿಟ್ಟ. ಹಾಗಾಗಿ ಅವನ ಹೊಸ ಶಾಲೆಯನ್ನು ನಾನು ಆ ಕೋಣೆಯಲ್ಲಿ ಕೂತೇ, ಅವನ ಗೊಣಗಾಟದಿಂದ ಅರಿತೆ. ಮೊದಲ ದಿನ ಶಿಕ್ಷಕಿ ಇಂಗರ್ ಒಳಗೆ ಬಂದಾಗ ಇವನೊಬ್ಬನೇ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದಿದ್ದನಂತೆ, ತರಗತಿಯೆಲ್ಲ ನಕ್ಕಿತಂತೆ. ಅಲ್ಲಿ ಶಿಕ್ಷಕರನ್ನೂ ಹೆಸರು ಹಿಡಿದೇ ಕರೆಯಬೇಕು. ಕನ್ನಡಿಯ ಮುಂದೆ ನಿಂತು "ಇಂಗರ್, ಇಂಗರ್" ಎಂದು ಅಭ್ಯಾಸ ಮಾಡುತ್ತಿದ್ದ. ಮೂರನೆಯ ಸಲಕ್ಕೆ "ಇಂಗರ್ ಮೇಡಂ" ಎಂದು ಬಂದುಬಿಡುತ್ತಿತ್ತು. ಮಧ್ಯಾಹ್ನ ಊಟಕ್ಕೆ ಯಾರೂ ಪಕ್ಕಕ್ಕೆ ಕರೆಯದ ದಿನ ತಿನ್ನದೆ ಉಳಿಸಿದ ಬ್ರೆಡ್ಡನ್ನು ಮನೆಗೆ ತಂದು, ಕಿರ್ಸ್ಟೆನ್‌ಗೆ ಗೊತ್ತಾಗಬಾರದೆಂದು ಚಿಲಕ ಹಾಕಿಕೊಂಡು ನನ್ನ ಪಕ್ಕ ನೆಲದ ಮೇಲೆ ಕೂತು ತಿನ್ನುತ್ತಿದ್ದ. ಅಂಥ ಜಾಗದಲ್ಲಿ ಅನ್ನ ತಿನ್ನುವವನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನೋಡಲಾರದೆ ನೋಡಿದೆ.

ಅಕ್ಟೋಬರಿನ ಒಂದು ಶನಿವಾರ ಬಚ್ಚಲು ತೊಳೆಯುವಾಗ ನಾನು ಕಿರ್ಸ್ಟೆನ್‌ಳ ಕೈಗೆ ಸಿಕ್ಕೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಪಾತ್ರೆ ತೊಳೆಯುವ ಯಂತ್ರದಲ್ಲಿಟ್ಟು ಬಿಸಿನೀರಿನಲ್ಲಿ ತೊಳೆದಳು. ಸಂಜೆ ನನ್ನ ತುಂಬ ಹಾಲು ಹೊಯ್ದು ಊಟದ ಮೇಜಿನ ನಡುವೆ ಇಟ್ಟಳು.

ವಿರೂಪಾಕ್ಷ ಕುರ್ಚಿ ಎಳೆಯುತ್ತಿದ್ದವನು ಹಾಗೇ ನಿಂತ.

"ಇಷ್ಟು ಚೆಂದದ ಜಗ್ಗನ್ನು ಯಾಕೆ ಬಚ್ಚಿಟ್ಟಿದ್ದೆ?" ಕಿರ್ಸ್ಟೆನ್ ಕೇಳಿದಳು. "ಏನೋ ಬರೆದಿದೆ ಇದರ ಮೇಲೆ."

"ಅಜ್ಜಿಯ ಹೆಸರು. ಅವರ ಮದುವೆಗೆ ಬಂದದ್ದು."

ಅವಳ ಕಣ್ಣು ತುಂಬಿಬಂತು. "ಅಜ್ಜಿಯದನ್ನು ಇಷ್ಟು ದೂರ ಹೊತ್ತು ತಂದೆಯಾ? ಇನ್ನು ಮೇಲೆ ಇದು ಇಲ್ಲೇ ಇರುತ್ತದೆ, ಎಲ್ಲರ ನಡುವೆ."

ಮಾಲ್ಟೆ ಆಗಲೇ ಎರಡು ಲೋಟ ಕುಡಿದಿದ್ದ. ವಿರೂಪಾಕ್ಷ ತನ್ನ ಲೋಟವನ್ನು ಕಣ್ಣು ಮುಚ್ಚಿ ಮುಗಿಸಿದ. ನನಗೆ ನಾಚಿಕೆಯಾಯಿತು. ಅದಕ್ಕಿಂತ ನಾಚಿಕೆಯ ಮಾತೆಂದರೆ, ನನಗೆ ಸಂತೋಷವೂ ಆಯಿತು.

ಮಾಲ್ಟೆ ಶಾಲೆಯಲ್ಲಿ ಸುದ್ದಿ ಹೇಳಿದ. ಇಂಗರ್ ನನ್ನನ್ನು ತರಲು ಹೇಳಿದಳು. ತರಗತಿಯ ಕೈಗಳಲ್ಲೆಲ್ಲ ನಾನು ಸುತ್ತಿದೆ; ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಬೆರಳಿನಿಂದ ಅಕ್ಷರದ ಚುಕ್ಕಿಗಳನ್ನು ಮುಟ್ಟಿ ನೋಡಿದಳು.

"ಮನೆಯಲ್ಲಿ ಇದನ್ನು ಯಾವುದಕ್ಕೆ ಬಳಸುತ್ತೀರಿ?" ಇಂಗರ್ ಕೇಳಿದಳು.

ಅವನು ನನ್ನ ನೆಗ್ಗಿದ ಹೊಟ್ಟೆಯನ್ನು ಅಂಗೈಯಿಂದ ಮುಚ್ಚಿದ. "ಪೂಜೆಗೆ," ಅಂದ.

ಆ ಮಧ್ಯಾಹ್ನ ನಾಲ್ವರು ಸರಿದು ಕೂತು ಬೆಂಚಿನಲ್ಲಿ ಅವನಿಗೆ ಜಾಗ ಮಾಡಿಕೊಟ್ಟರು. ಆ ದೇಶಕ್ಕೆ ಬಂದ ಮೇಲೆ ಅವನು ನಗುವುದನ್ನು ನಾನು ಅಂದು ಮೊದಲ ಸಲ ಕೇಳಿದೆ.

ಮುಂದಿನ ಭಾನುವಾರ ಊರಿಗೆ ವಿಡಿಯೊ ಕರೆ ಮಾಡಿದಾಗ, ಅವನು ತಡೆಯುವ ಮೊದಲೇ ಕಿರ್ಸ್ಟೆನ್ ನನ್ನನ್ನು ಫೋನಿನ ಮುಂದೆ ಹಿಡಿದು, ನನ್ನಿಂದ ಹಾಲು ಬಗ್ಗಿಸಿ ಕುಡಿದು ತೋರಿಸಿದಳು.

"ಅಯ್ಯ ನನ ಶಿವನ!" ನೀಲಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿದಳು. "ವಿರೂಪಾಕ್ಷಿ, ಅದು ಹಿತ್ತಲ ತಂಬಿಗಿ ಅಲ್ಲೇನೋ?"

"ಅಜ್ಜಿ, ಒಂದೀಟ ಸುಮ್ಕಿರ."

"ಏನೆಂದರು?" ಕಿರ್ಸ್ಟೆನ್ ಕೇಳಿದಳು.

"ತುಂಬಾ ಖುಷಿಯಾಯಿತಂತೆ."

"ಆ ಹೆಣ್ಮಗಳು ನಿನಗ ಮೂರ ಹೊತ್ತು ಉಣ್ಣಾಕ ಹಾಕ್ತಾಳ," ಅಂದಳು ನೀಲಗಂಗವ್ವ. "ಆಕಿಗಿ ಹಿಂಗ ಮಾಡೂದೇನೋ? ಇವತ್ತ ಹೇಳು. ಕೈ ಮುಗದು ಹೇಳು."

ಅಂದು ಅವನು ಮೂರು ಸಲ ಕಿರ್ಸ್ಟೆನ್ ಇದ್ದ ಅಡುಗೆಮನೆಗೆ ಬಂದ. ಹೇಳಿದರೆ ಮಾಲ್ಟೆಗೆ ಗೊತ್ತಾಗುತ್ತದೆ. ಮಾಲ್ಟೆಗೆ ಗೊತ್ತಾದರೆ ಆ ಬೆಂಚಿಗೂ ಗೊತ್ತಾಗುತ್ತದೆ. ಮೂರು ಸಲವೂ ಒಂದು ಲೋಟ ನೀರು ಕುಡಿದು ಹಿಂದಿರುಗಿದ.

ಮುಂದಿನ ಭಾನುವಾರ ಅಜ್ಜಿಯ ಮೊದಲ ಮಾತೇ ಅದು. "ಹೇಳಿದಿ?"

"ಹೇಳೇನಿ ಅಜ್ಜಿ."

"ಏನಂದ್ಲು?"

"ನಕ್ಕಳು."

"ದೊಡ್ಡ ಮನಸಿನಾಕಿ ಬಿಡು," ಎಂದು ನೀಲಗಂಗವ್ವ ಉಸಿರು ಬಿಟ್ಟಳು. ಫೋನಿಗೆ ಕಾಣದಂತೆ ಅವನು ನನ್ನನ್ನು ಮೇಜಿನ ಆ ತುದಿಗೆ ಸರಿಸಿದ್ದ. ನನ್ನಲ್ಲಿ ಅರ್ಧ ಹಾಲಿತ್ತು.

ಜೂನ್‌ನಲ್ಲಿ ಅವನು ಊರಿಗೆ ಹೊರಟಾಗ ಕಿರ್ಸ್ಟೆನ್ ನನ್ನನ್ನು ಒರೆಸಿ, ಕುತ್ತಿಗೆಯವರೆಗೆ ಹಳೆಯ ಸ್ವೆಟರಿನಲ್ಲಿ ಸುತ್ತಿ ತಂದಳು. "ಅಜ್ಜಿಯದನ್ನು ಮರೆಯಬೇಡ."

"ಕಿರ್ಸ್ಟೆನ್, ಇದರ ಬಗ್ಗೆ ನಾನು ನಿಮಗೆ ಒಂದು ಮಾತು..."

ಅವಳು ಹಾಸಿಗೆಯ ಮೇಲೆ ಅವನ ಪಕ್ಕ ಕೂತಳು. ಅವಸರ ಮಾಡಲಿಲ್ಲ. ಹೇಳು ವಿರೂಪಾಕ್ಷ, ಎಂದು ನಾನು ಬೇಡಿಕೊಂಡೆ.

"ಇದು... ನಿಮ್ಮಲ್ಲೇ ಇರಲಿ," ಅಂದ.

ಅವಳು ಅವನನ್ನು ಅಪ್ಪಿಕೊಂಡು ಅತ್ತುಬಿಟ್ಟಳು. ಅವಳ ಭುಜದ ಮೇಲಿದ್ದ ಅವನ ಮುಖ ನನಗೆ ಮಾತ್ರ ಕಾಣುತ್ತಿತ್ತು.

ಇದೆಲ್ಲ ಆಗಿ ಹದಿನಾಲ್ಕು ವರ್ಷ. ನನ್ನ ಹೊಳಪು ಮಾಸಿದೆ. ಕಿರ್ಸ್ಟೆನ್‌ಳ ಕೂದಲು ಬೆಳ್ಳಗಾಗಿದೆ. ಈಗ ನನ್ನಿಂದ ಹಾಲು ಕುಡಿಯುವುದು ಮಾಲ್ಟೆಯ ಮಗಳು. ನೀಲಗಂಗವ್ವ ತೀರಿಕೊಂಡಳೆಂದು ಅವನ ಒಂದು ಪತ್ರದಿಂದ ತಿಳಿಯಿತು; ಮೊಮ್ಮಗನ ಮಾತನ್ನು ನಂಬಿಕೊಂಡೇ ಹೋಗಿರಬೇಕು. ಪತ್ರಗಳಲ್ಲಿ ಅವನು ಎಲ್ಲರನ್ನೂ ಕೇಳುತ್ತಾನೆ, ಮನೆಯ ಬೆಕ್ಕನ್ನು ಕೂಡ. ನನ್ನನ್ನು ಮಾತ್ರ ಕೇಳುವುದಿಲ್ಲ.

ಎಲ್ಲಿದ್ದಾಗಲೂ ನಾನು ಹೊತ್ತದ್ದು ಶುದ್ಧ ನೀರನ್ನೇ, ಇಲ್ಲವೇ ಹಾಲನ್ನೇ. ಸಾವಿರ ಸಲ ನನ್ನನ್ನು ತೊಳೆದಿದ್ದಾರೆ. ಹೇಳಿದ್ದರೆ ಕಿರ್ಸ್ಟೆನ್ ನಿಜವಾಗಿಯೂ ನಗುತ್ತಿದ್ದಳೇನೋ. ಅಥವಾ ಲೋಟ ಕೆಳಗಿಟ್ಟು ಎದ್ದುಹೋಗುತ್ತಿದ್ದಳೇನೋ. ಅವಳು ಯಾವುದನ್ನು ಮಾಡುತ್ತಿದ್ದಳೆಂದು ತಿಳಿಯುವ ಅವಕಾಶವನ್ನು ಅವನು ಅವಳಿಗೂ ಕೊಡಲಿಲ್ಲ, ತನಗೂ ಕೊಟ್ಟುಕೊಳ್ಳಲಿಲ್ಲ.

ಇದು ನಮ್ಮ ಮನೆಯ ಪಾಯಖಾನೆಯ ತಂಬಿಗೆ ಎಂದು ವಿರೂಪಾಕ್ಷ ಕಿರ್ಸ್ಟೆನ್‌ಗೆ ಎಂದೂ ಹೇಳಲಿಲ್ಲ.