ಗೂಳಿಯ ಮುಖಕ್ಕೆ ನೀರು ಬೀಳದಂತೆ

ಟಪ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಪ್. ರಾತ್ರಿ ಎರಡು ಗಂಟೆಗೆ ಬಾಲ್ಕನಿಯ ತಗಡಿನ ಮೇಲೆ ಹನಿ ಬೀಳುವ ಸದ್ದಿಗೆ ಅನುರಾಧಾ ಎದ್ದು ಕುಳಿತಳು. ಬೇರೆಯವರಿಗಾದರೆ ಒಣಹಾಕಿದ ಬಟ್ಟೆ ನೆನಪಾಗುತ್ತಿತ್ತು. ಅವಳಿಗೆ ನೆನಪಾದದ್ದು ಹೈದರಾಬಾದಿನ ಹೊರವಲಯದ ಬಂಡೆಯ ಮೇಲಿನ ಗೂಳಿ.

ಸಾವಿರಾರು ವರ್ಷಗಳ ಹಿಂದೆ ಯಾರೋ ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮೂಡಿಸಿದ ಗೂಳಿ ಅದು. ಮಳೆ ಬಂದರೆ ಬಂಡೆಯ ನೆತ್ತಿಯ ನೀರೆಲ್ಲ ಅದರ ಮುಖದ ಮೇಲೆಯೇ ಇಳಿಯುತ್ತಿತ್ತು. ಒಂದು ಕೊಂಬು ಆಗಲೇ ಅರ್ಧ ಮಾಸಿತ್ತು. ನೀರನ್ನು ಪಕ್ಕಕ್ಕೆ ತಿರುಗಿಸಲು ಮೇಲೊಂದು ಸಣ್ಣ ಅಂಟಿನ ಏರಿ ಹಾಕಲು ಪುರಾತತ್ವ ಇಲಾಖೆ ಒಪ್ಪಿತ್ತು. ಎಲ್ಲಿ ಹಾಕಬೇಕೆಂದು ಖಚಿತವಾಗಿ ತೋರಿಸಬೇಕಿತ್ತು, ಅಷ್ಟೆ. ಅಧಿಕಾರಿ ಬರುವುದು ನಾಳೆಯೊಂದೇ ದಿನ. ತಪ್ಪಿದರೆ ಮುಂದಿನ ವರ್ಷ. ಹಳೆಯ ಶಿಲಾಚಿತ್ರ ನೋಡಲು ಹೋಗುವ ಭಾನುವಾರದ ನಡಿಗೆಯ ಗುಂಪಿನಲ್ಲಿ ಈ ಬಂಡೆಯ ಉಸ್ತುವಾರಿ ಅವಳದು. ಫೋಟೊಗಳ ಮೇಲೆ ಎಷ್ಟೋ ಗೆರೆ ಎಳೆದಿದ್ದಳು, ಒಂದಕ್ಕೊಂದು ತಾಳೆಯಾಗಿರಲಿಲ್ಲ.

ಬೆಳಿಗ್ಗೆ ಅತ್ತೆ ಉಮಾಬಾಯಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಹಸಿ ಮಣ್ಣಿನ ಮುದ್ದೆ.

"ಇವತ್ತು ಮಣ್ಣೆತ್ತಿನ ಅಮಾಸಿ. ನಿನ್ನ ಬಸವಣ್ಣನ ಮುಂದ ಕುಂತು ಎತ್ತು ಮಾಡ್ತೀನಿ."

"ಕಲ್ಲಿನ ಪೂಜಿಗಂತ ಎಣ್ಣಿ, ಕುಂಕುಮ, ಕಾಯಿ ಏನೂ ತಂದಿಲ್ಲಲ್ರಿ ಅತ್ಯಾರ?"

"ಇಲ್ಲವ್ವ. ಪೊಲೀಸರಂಗ ತಪಾಸ್ ಮಾಡಬ್ಯಾಡ."

ಸೊಸೆಯ ಜೊತೆ ಬಂಡೆಯ ಹಿಂಬದಿಯಿಂದ ಹತ್ತಿದ ಉಮಾಬಾಯಿ ನೆತ್ತಿಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಸುತ್ತ ನೋಡಿದರು. "ಥೇಟ್ ನಮ್ಮ ಲಿಂಗಸೂಗೂರು ಮನಿ ಮಣ್ಣಿನ ಮಾಳಗಿ ಇದ್ದಂಗ ಐತಿ! ಸೋರಿದ್ರ ಹಿಂಗ ಏರಿ ಕಟ್ಟಿ ನೀರು ತಿರುವತಿದ್ವಿ." ಎಂದವರೇ ಮಣ್ಣನ್ನು ಹಗ್ಗದಂತೆ ಹೊಸೆದು ಕಲ್ಲಿಗೆ ಒತ್ತಿದರು.

"ಅತ್ಯಾರ! ಕಲ್ಲು ಮುಟ್ಟಬಾರದ್ರಿ!"

"ಮುಟ್ಟಲಾರದ ಮಾಳಗಿ ಸೋರೂದು ಹ್ಯಾಂಗ ನಿಲ್ತೈತಿ? ಚಿತ್ರಕ್ಕಿಂತ ನಾಕು ಮೊಳ ಮ್ಯಾಲ ಅದೀನಿ. ನೀ ಕೆಳಗ ನಿಂತು ನೋಡು."

'ಮುಟ್ಟಬೇಡಿ' ಎಂದು ಪ್ರತಿ ಭಾನುವಾರ ಹತ್ತು ಸಲ ಹೇಳುವವಳು ಸುತ್ತಮುತ್ತ ಕಣ್ಣಾಡಿಸಿದಳು. ಎರಡು ಆಡು ಬಿಟ್ಟರೆ ಯಾರೂ ಇರಲಿಲ್ಲ. ಕೆಳಗಿಳಿದಳು.

ಮೇಲಿನಿಂದ ಬಾಟಲಿಯ ನೀರು ಹರಿಯಿತು. "ಮೂಗಿಗೆ ಬಂತ್ರಿ!"

"ಎಡಕ್ಕ ತಿರುವತೀನಿ ತಡಿ."

"ಈಗ ಕೊಂಬಿಗೆ ಬಂತ್ರಿ!"

"ಭಾಳ ಹಟಮಾರಿ ಐತಿ ನಿನ್ನ ಗೂಳಿ."

ಮೂರನೆಯ ಸಲ ನೀರು ಮಣ್ಣಿನ ಏರಿಯ ಬಳಿ ತುಸು ತಡೆದು, ಎಡಕ್ಕೆ ಹೊರಳಿ, ದೂರದ ಹುಲ್ಲಿಗೆ ಸುರಿಯಿತು. ಗೂಳಿಯ ಮುಖಕ್ಕೆ ಹನಿಯೂ ತಾಗಲಿಲ್ಲ. ಅನುರಾಧಾ ಚಪ್ಪಾಳೆ ತಟ್ಟಿಬಿಟ್ಟಳು. ಓಡಿ ಹತ್ತಿ, ಏರಿಯಿದ್ದ ಜಾಗವನ್ನು ಫೋಟೊದಲ್ಲಿ ಗುರುತು ಮಾಡಿಕೊಂಡಳು. ಅಷ್ಟರಲ್ಲಿ ರಸ್ತೆಯಲ್ಲಿ ಜೀಪು ನಿಂತಿತು. ಉಮಾಬಾಯಿ ಮಣ್ಣನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಕಲ್ಲು ತೊಳೆದರು.

ಅಧಿಕಾರಿ ಅವಳು ತೋರಿಸಿದ ಕಡೆ ಒದ್ದೆ ಟವೆಲ್ ಸುರುಳಿ ಮಾಡಿಟ್ಟು ನೀರು ಹೊಯ್ದರು. ನೀರು ಎಡಕ್ಕೇ ಹೋಯಿತು. ಇನ್ನೊಮ್ಮೆ ಹೊಯ್ದು ನೋಡಿದರು. ವಾರದೊಳಗೆ ಕೆಲಸ ಮುಗಿಸುವುದಾಗಿ ಹೇಳಿ, "ಇಂತ ಕರೆಕ್ಟ್‌ಗಾ ಎಲಾ ತೆಲಿಸಿಂದಮ್ಮಾ?" ಎಂದು ಬೆರಗಾದರು.

ಇಷ್ಟು ಸರಿಯಾಗಿ ಹೇಗೆ ಗೊತ್ತಾಯಿತೆಂಬ ಪ್ರಶ್ನೆಗೆ ಅನುರಾಧಾ ಅತ್ತೆಯ ಕಡೆ ತಿರುಗಿದಳು. ಮರದ ನೆರಳಲ್ಲಿ ಎತ್ತಿಗೆ ಕೊಂಬು ಅಂಟಿಸುತ್ತಿದ್ದ ಉಮಾಬಾಯಿಯೇ ತಮ್ಮ ಹರಕು ತೆಲುಗಿನಲ್ಲಿ, ಸೊಸೆ ಭಾಳ ಓದಿದಾಕಿ ಎಂದು ಉತ್ತರ ಕೊಟ್ಟರು.

ಒಂಬತ್ತಕ್ಕೆ ಗುಂಪಿನವರು ಒಬ್ಬೊಬ್ಬರಾಗಿ ಬರತೊಡಗಿದರು. ಬಂಡೆಗೆ ಮಣ್ಣು ಒತ್ತಿ ಜಾಗ ಹುಡುಕಿದ್ದನ್ನು ಇವರಿಗೆ ಹೇಳಿದರೆ ಮುಂದಿನ ಭಾನುವಾರ ಎಲ್ಲರೂ ಒಂದೊಂದು ಮುದ್ದೆ ಮಣ್ಣು ಹಿಡಿದು ಬಂದಾರು. ಯಾರಿಗೂ, ಗಂಡನಿಗೂ ಕೂಡ, ಹೇಳುವುದು ಬೇಡವೆಂದು ಅನುರಾಧಾ ಅಲ್ಲೇ ನಿಶ್ಚಯಿಸಿಕೊಂಡಳು.